ಬಿ-3

ಹೊಸೂರು ಕಡೆಯ ಹಳೇ ಮನೆಗಳಲ್ಲಿ ಉಯಿಲಿನ ಜೆರಾಕ್ಸ್ ಎಲ್ಲರ ಬೀರುವಿನಲ್ಲೂ ಸಿಗುತ್ತದೆ. ಮೂಲಪತ್ರ ಮಾತ್ರ ಕೋರ್ಟಿನಲ್ಲಿರುತ್ತದೆ. ಸಿಪ್ಕಾಟ್ ಕೈಗಾರಿಕಾ ವಸಾಹತು ಬಂದು ರಾಗಿ ಹೊಲಕ್ಕೆ ಸೈಟಿನ ಬೆಲೆ ಬಂದದ್ದೇ ತಡ, ಅಣ್ಣತಮ್ಮಂದಿರು ಭಾಗದ ದಾವೆ ಹೂಡಿದರು. ನಮ್ಮ ಅಜ್ಜನ ಉಯಿಲೂ ಹಾಗೆಯೇ ಹೋಗಿ ಕೂತಿತ್ತು.

ದಾವೆ ಮುಗಿಯಿತು, ಅಪೀಲಿನ ಗಡುವೂ ಕಳೆಯಿತು, ಕಾಗದದ ನೆನಪು ಯಾರಿಗೂ ಬರಲಿಲ್ಲ. ಹೊಲ ತೋಟಕ್ಕೆ ಪ್ರೊಬೇಟ್, ಎಂದರೆ ಉಯಿಲು ಸಾಚಾ ಎಂಬ ಕೋರ್ಟಿನ ದೃಢೀಕರಣ, ಬೇಕೆಂಬ ಕಟ್ಟು ನಮ್ಮ ಸೀಮೆಗೆ ಇರಲಿಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 213ನೇ ಕಲಂ ಹಿಂದೂಗಳಿಗೆ ಆ ಕಟ್ಟು ಹಾಕಿದ್ದು ಹಳೆಯ ಬಂಗಾಳ ಸೀಮೆ, ಮದ್ರಾಸು, ಬೊಂಬಾಯಿ ನಗರಗಳ ಮಟ್ಟಿಗೆ. ಅಜ್ಜನಿಗೋ ಮದ್ರಾಸಿನಲ್ಲೊಂದು ಪುಟ್ಟ ಮನೆಯಿತ್ತು! ಅದಕ್ಕೆ ಪ್ರೊಬೇಟ್ ಬೇಕಾಯಿತು, ಪ್ರೊಬೇಟಿಗೆ ಮೂಲಪತ್ರ.

ಕೋರ್ಟಿಗೆ ಕೊಟ್ಟ ಕಾಗದ ವಾಪಸು ಕೇಳುವುದು ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೇ ಆದೇಶ, 9ನೇ ನಿಯಮದಂತೆ. ಅಪೀಲಿನ ಬಾಬತ್ತು ತೀರಿದ್ದರೆ ಅರ್ಜಿ ಸಾಕು. ತೀರದಿದ್ದರೆ ದೃಢೀಕೃತ ನಕಲು ಇಟ್ಟು, ಕರೆದಾಗ ತಂದೊಪ್ಪಿಸುತ್ತೇನೆಂದು ಬರೆದುಕೊಡಬೇಕು. ಓದುವುದಕ್ಕೆ ಎಷ್ಟು ಸಲೀಸು! ರಿಕಾರ್ಡ್ ರೂಮಿನ ಕಟ್ಟುಗಳಿಗೆ ಆ ನಿಯಮ ಗೊತ್ತಿಲ್ಲ.

ಕೊನೆಗೂ ಸಿಕ್ಕಿತು. ಮಡಿಕೆಯಲ್ಲಿ ಸವೆದ ಹಾಳೆ, ಅಜ್ಜನ ಓರೆ ಅಕ್ಷರ, ಕೆಳಗೆ ಇಬ್ಬರು ಸಾಕ್ಷಿಗಳ ರುಜು, ಒಂದು ಕನ್ನಡದಲ್ಲಿ, ಒಂದು ತೆಲುಗಿನಲ್ಲಿ. ಹಿಂಬದಿಗೆ ದಾವೆ ನಂಬರು, ತಾರೀಖು, ನ್ಯಾಯಾಧೀಶರ ಚಿಕ್ಕ ರುಜು. ಪ್ರತಿವಾದಿ ಕಡೆಯದಾದ್ದರಿಂದ ಅದರ ಹೆಸರು ಬಿ-3. ರಸೀದಿಗೆ ರುಜು ಹಾಕುತ್ತಿದ್ದ ಚಿಕ್ಕಪ್ಪನಿಗೆ ವಕೀಲರ ಗುಮಾಸ್ತ, "ಹಾಳಾಗ್ತದೆ ಅಂತ ಲ್ಯಾಮಿನೇಷನ್ ಮಾಡಿಸಿಬಿಟ್ಟೀರಣ್ಣಾ, ಹಂಗೇ ಇರ್ಲಿ" ಅಂದ. ಅನುಭವದ ಮಾತು.

ಪ್ರೊಬೇಟ್ ಅರ್ಜಿ ಹಾಕುವುದು ಕೃಷ್ಣಗಿರಿಯ ಜಿಲ್ಲಾ ನ್ಯಾಯಾಲಯದಲ್ಲಿ. ಬದುಕಿದ್ದ ಸಾಕ್ಷಿ ಬಾಗಲೂರಿನಲ್ಲೇ ಸಿಕ್ಕರು. ತೊಡಕಾದದ್ದು ಕನ್ನಡ. ಉಯಿಲು ಕೋರ್ಟಿನ ಭಾಷೆಯಲ್ಲಿಲ್ಲದಿದ್ದರೆ, ಅದೇ ಉತ್ತರಾಧಿಕಾರ ಕಾಯ್ದೆಯ 277ನೇ ಕಲಮಿನಂತೆ ಅನುವಾದ ಲಗತ್ತಿಸಬೇಕು. ಕೋರ್ಟಿನಲ್ಲಿ ಆ ಭಾಷೆಯ ಅನುವಾದಕರಿಲ್ಲದಿದ್ದರೆ ಬಲ್ಲವರೊಬ್ಬರು ಮಾಡಿ, ಮೂಲದ ಭಾಷೆಯೂ ಲಿಪಿಯೂ ನನಗೆ ಚೆನ್ನಾಗಿ ಬರುತ್ತದೆಂದು ಘೋಷಿಸಬೇಕು. ಚಿಕ್ಕಪ್ಪನ ಮಕ್ಕಳು ಮನೆಯಲ್ಲಿ ಆಡುವುದೆಲ್ಲ ಕನ್ನಡವೇ, ಜಗಳವೂ ಕನ್ನಡದಲ್ಲೇ. ಓದಿದ್ದು ಮಾತ್ರ ತಮಿಳು, ಇಂಗ್ಲಿಷು. ಅಜ್ಜ ತಮಗೇನು ಬರೆದಿದ್ದಾರೆಂದು ಅವರಿಗೆ ತಿಳಿದದ್ದು ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಅನುವಾದಿಸಿಕೊಟ್ಟ ಮೇಲೆ. ಅಷ್ಟು ವರ್ಷ ಅದೇ ಕಾಗದಕ್ಕಾಗಿ ಕೋರ್ಟು ಹತ್ತಿದ್ದರು. ಚೆಕ್ಕುಬಂದಿಯಲ್ಲಿ ಮೂಡಲಿಗೆ ಹುಣಸೇಮರವೆಂದಿತ್ತು. "ಈಗಲ್ಲಿ ಗೋಡೌನ್ ಐತಲ್ಲ ಮೇಷ್ಟ್ರೇ?" ಅಂದ ಕಿರಿಯವನು. ಮೇಷ್ಟ್ರು ತಲೆಯೆತ್ತದೆ ಮರವನ್ನೇ ಬರೆದರು.

ಪ್ರೊಬೇಟ್ ಕೊಟ್ಟ ಮೇಲೆ ಮೂಲ ಉಯಿಲು ಆ ಕೋರ್ಟಿನ ದಾಖಲೆಯಲ್ಲೇ ಉಳಿಯುತ್ತದೆ, 294ನೇ ಕಲಂ. ವಕೀಲರು ಇದನ್ನು ಹೇಳಿದಾಗ ಚಿಕ್ಕಪ್ಪ ಕನ್ನಡಕ ತೆಗೆದರು.

"ಇಲ್ಲಿಂದ ಬಿಡಿಸ್ಕೊಂಡು ಹೋಗಿ ಅಲ್ಲಿ ಬಿಟ್ಟು ಬರೋಕಾ ಇಷ್ಟು ಓಡಾಡಿದ್ದು?"

ವಕೀಲರು ನಕ್ಕು ವಕಾಲತ್ತಿನ ಕಾಗದವನ್ನು ಮುಂದೆ ಸರಿಸಿದರು.