ಅಲೆ ಇಲ್ಲದ ಸಂಜೆ

"ನಿಮ್ಮ ಮಗಳು ಸಮುದ್ರದಲ್ಲಿ ಹಲಗೆ ಮೇಲೆ ನಿಂತು ಆಡ್ತಾಳಂತೆ, ಹೌದಾ ಮಾರಾಯ್ತಿ?" ಅಂತ ಕಾಫಿ ಕೊಯ್ಲು ಶುರುವಾದಾಗಿಂದ ಎಷ್ಟು ಜನ ಕೇಳಿದ್ರೋ ಲೆಕ್ಕ ಇಲ್ಲ. ಹೌದು. ಅದಕ್ಕೆ ಸರ್ಫಿಂಗ್ ಅಂತಾರೆ. ಅವಳಿಗೆ ಮಂಗಳೂರಲ್ಲಿ ಕೆಲಸ, ರಜೆ ಸಿಕ್ರೆ ಮೂಲ್ಕಿ ಹತ್ರ ಸಸಿಹಿತ್ಲಿಗೆ ಹೋಗ್ತಾಳೆ. ಕಪ್ಪಾಗಿದಾಳೆ, ಅದೂ ಹೌದು.

ನಂಗೆ ಬಣ್ಣದ ಚಿಂತೆ ಇರ್ಲಿಲ್ಲ, ನೀರಿನ ಭಯ ಇತ್ತು. ಕಳಸದ ಕಡೆಯವ್ರು ನಾವು ನೀರು ಕಾಣದವರಲ್ಲ. ಅಂಬುತೀರ್ಥದಲ್ಲಿ ಭದ್ರೆ ಬಂಡೆ ಸಂದಿಲಿ ಹೆಂಗೆ ನುಗ್ತಾಳೆ ಅಂತ ಎಲ್ರಿಗೂ ಗೊತ್ತು. ಆದ್ರೆ ನಮ್ಮ ಕಾಲದ ಹೆಣ್ಮಕ್ಕಳಿಗೆ ಈಜು ಯಾರು ಕಲಿಸಿದ್ರು?

ಫೆಬ್ರವರಿಲಿ ಕೊಯ್ಲು ಮುಗ್ದು ಕಣ ಖಾಲಿಯಾದ ಮೇಲೆ, ನಾನೂ ಇವರೂ ಕುದುರೆಮುಖ, ಬಜಗೋಳಿ, ಕಾರ್ಕಳದ ಮೇಲೆ ಹೋದ್ವಿ. ಕಡಲು ಮುಟ್ಟುವಾಗ ನಾಲ್ಕೂವರೆ. ಅವಳು ನೀರು ನೋಡಿ, "ಅಮ್ಮ, ಇವತ್ತು ಎಂತದೂ ಇಲ್ಲ" ಅಂದ್ಲು. ಅಲೆ ಮೊಣಕಾಲೆತ್ತರ ಇತ್ತು ಅಷ್ಟೆ. ಅದೂ ಒಂದರ ಹಿಂದೆ ಒಂದು ಸಾಲಾಗಿ ಬರೋದಲ್ಲ, ಕುದಿಯೋ ಸಾರಿನ ಹಂಗೆ ಎಲ್ಲಾ ಕಡೆ ಗಲಿಬಿಲಿ.

ಬೆಳಿಗ್ಗೆ ಹೊತ್ತು ನೆಲದ ಕಡೆಯಿಂದ ಕಡಲಿಗೆ ಮೆಲ್ಲಗೆ ಗಾಳಿ ಬೀಸ್ತದಂತೆ, ಆಗ ನೀರು ನಯವಾಗಿರ್ತದೆ. ಮಧ್ಯಾಹ್ನ ಬಿಸಿಲಿಗೆ ನೆಲ ಕಾದ ಮೇಲೆ ಗಾಳಿ ತಿರುಗಿ ದಡಕ್ಕೆ ಬರ್ತದೆ, ಅಲೆಯ ನೆತ್ತಿಯನ್ನ ಹರಿದು ಹಾಕ್ತದೆ. ಒಳ್ಳೆ ಅಲೆ ಹುಟ್ಟೋದು ಇಲ್ಲಲ್ಲ, ದೂರ ದಕ್ಷಿಣದ ಕಡಲಿನ ಬಿರುಗಾಳಿಲಿ. ನಮ್ಮ ಹೂಮಳೆ ಹಂಗೇ, ಬಂದ್ರೆ ಬಂತು, ಇಲ್ದಿದ್ರೆ ಕಾಯ್ಬೇಕು.

ಆದ್ರೂ ಹಲಗೆಯ ಹಗ್ಗ ಕಾಲಿಗೆ ಕಟ್ಕಂಡು ಇಳಿದ್ಲು. ನಾನು ಮರಳಲ್ಲಿ ಕೂತು ಎಣಿಸಿದೆ. ಒಂಬತ್ತು ಸಲ ಪ್ರಯತ್ನಪಟ್ಲು, ಎರಡು ಸಲ ನಿಂತ್ಲು, ಅದೂ ಅಡಿಗೆಮನೆ ಬಾಗಿಲಿಂದ ಒಲೆ ತನಕ ಆಗೋವಷ್ಟು ದೂರ. ಉಳಿದ ಹೊತ್ತೆಲ್ಲ ಹಲಗೆ ಮೇಲೆ ಕೂತು ಪಡುವಣ ನೋಡೋದು. ಇವರು "ಇದಕ್ಕೆ ಇಷ್ಟು ದೂರ ಬಂದ್ವಾ?" ಅಂದ್ರು.

ಇನ್ನೂ ಬೆಳಕಿತ್ತು, ಬೇರೆ ಹುಡುಗ್ರು ನೀರಲ್ಲೇ ಇದ್ರು, ಇವಳು ಹಲಗೆ ಹೊತ್ಕಂಡು ಎದ್ದು ಬಂದ್ಲು. ಬಂದವಳು ಅವರನ್ನೂ ಕೂಗಿ ಕರೆದ್ಲು. ಯಾಕೆ ಅಂದೆ. "ಇಳಿತ ಶುರುವಾಯ್ತಮ್ಮ, ಅಳಿವೆ ಕಡೆ ನೀರು ಎಳೀತಿದೆ. ನೋಡು, ಅಲ್ಲಿ ನೊರೆ ದಡಕ್ಕೆ ಬರೋ ಬದ್ಲು ಆಚೆ ಹೋಗ್ತಿದೆ." ನೋಡ್ದೆ. ಹೌದು, ಹೋಗ್ತಿತ್ತು. ನಂದಿನಿ, ಶಾಂಭವಿ ಎರಡೂ ಹೊಳೆ ಅಲ್ಲೇ ಕಡಲು ಸೇರೋದು.

ನಮ್ಮತ್ತೆ ನೆನಪಾದ್ರು. ಮನೆ ಮುಂದೆ ಬಿಸಿಲಿದ್ರೂ ಹಳ್ಳದ ನೀರಿನ ಬಣ್ಣ ನೋಡಿ, "ಮೇಲೆ ಘಟ್ಟದಲ್ಲಿ ಹೊಡೆದಿದೆ, ಇವತ್ತು ಯಾರೂ ದಾಟ್ಬೇಡಿ" ಅಂತಿದ್ರು. ಅವರ ಮಾತು ಒಂದು ದಿನಾನೂ ಸುಳ್ಳಾಗ್ಲಿಲ್ಲ.

ಒಳ್ಳೆ ಅಲೆ ಇದ್ದ ದಿನ ಹೋಗಿದ್ರೆ ಅವಳು ಚೆಂದಾಗಿ ನಿಲ್ತಿದ್ಲು, ನಾನು ಚಪ್ಪಾಳೆ ತಟ್ತಿದ್ದೆ, ಭಯ ಹಂಗೇ ಮನೆಗೆ ವಾಪಸ್ ಬರ್ತಿತ್ತು. ಅವಳು ಎದ್ದು ಬಂದಿದ್ದು ನೋಡಿದ ಮೇಲೆ ರಾತ್ರಿ ನಿದ್ದೆ ಬರ್ತದೆ.

ಹೆಣ್ಮಕ್ಕಳಿಗೆ ಇದೆಲ್ಲ ಯಾಕೆ ಅನ್ನೋರಿಗೆ: ಮೂಲ್ಕಿಲಿ ಆಶ್ರಮದವ್ರು ಇದನ್ನ ಶುರು ಮಾಡಿದ್ದು 2004ರಲ್ಲಿ. ಮಣಿಪಾಲಕ್ಕೆ ಓದೋಕೆ ಬಂದಿದ್ದ ಇಶಿತಾ ಮಾಲವೀಯ 2007ರಲ್ಲಿ ಕಲಿತು, ಆಮೇಲೆ ಕೋಡಿಬೆಂಗ್ರೆಲಿ ಎಷ್ಟೋ ಜನಕ್ಕೆ ಕಲಿಸಿದ್ರು. 2021ರಲ್ಲಿ ಟೋಕಿಯೊ ಒಲಿಂಪಿಕ್ಸಲ್ಲೂ ಈ ಆಟ ಇತ್ತು.

ಇನ್ನು ಮದುವೆ ವಿಚಾರ. ಹುಡುಗಿ ನೋಡೋರು ಬೆಳಿಗ್ಗೆ ಆರಕ್ಕೆ ಸಸಿಹಿತ್ಲಿಗೆ ಬರ್ಲಿ, ಆಗ ನೀರು ಚೆನ್ನಾಗಿರ್ತದೆ.

ಬೇಸಿಗೆ ರಜೆಲಿ ಹತ್ತು ದಿನ ಊರಿಗೆ ಬರ್ತಾಳೆ. ಸುತ್ತಮುತ್ತಲಿನ ಮಕ್ಕಳಿಗೆ ಈಜು ಕಲಿಸ್ತೀನಿ ಅಂದಿದಾಳೆ. ಹೆಣ್ಮಕ್ಕಳನ್ನೂ ಕಳ್ಸಿ. ಕಳ್ಸೋರು ನಂಗೆ ಮೊದ್ಲೇ ಒಂದು ಮಾತು ಹೇಳಿ.