ಎಲುಬಿನ ಸಾಕ್ಷ್ಯ

"ಗುರುತು ತಿಳಿಯದ ಶವ ದೊರೆತಿದೆ, ಎತ್ತರ ಸುಮಾರು ಐದೂವರೆ ಅಡಿ" ಎಂಬಂಥ ಪ್ರಕಟನೆಗಳನ್ನು ನಾವು ವೃತ್ತಪತ್ರಗಳಲ್ಲಿ ಓದಿ ಪುಟ ತಿರುಗಿಸಿಬಿಡುವೆವು. ಆದರೆ ಬರಿಯ ಎಲುಬುಗಳೇ ಉಳಿದಿದ್ದಲ್ಲಿ ಎತ್ತರವನ್ನು ಹೇಳುವದು ಹೇಗೆ? ಸಂಸ್ಕೃತವನ್ನೂ ಗಣಿತವನ್ನೂ ಕಲಿಸುತ್ತ ಆಯುಷ್ಯ ಕಳೆದ ನನಗೆ ಈ ಪ್ರಶ್ನೆಯಲ್ಲಿ ಆ ಎರಡು ವಿದ್ಯೆಗಳೂ ಕೂಡಿಬಂದಂತೆ ತೋರಿತು.

ಚರಕಸಂಹಿತೆಯ ವಿಮಾನಸ್ಥಾನವು ದೇಹವನ್ನು ಅವರವರ ಬೆರಳಿನಿಂದಲೇ ಅಳೆಯಹೇಳುತ್ತದೆ. ಇಡಿಯ ಶರೀರವು ೮೪ ಅಂಗುಲ. ಮೊಣಕಾಲ ಕೆಳಗಿನ ಜಂಘೆಯು ೧೮ ಅಂಗುಲ. ಇದನ್ನು ಓದಿದೊಡನೆ ಉಪಾಧ್ಯಾಯನ ಮನಸ್ಸು ತ್ರೈರಾಶಿಕಕ್ಕೆ ಹಾರುವದು: ಜಂಘೆ ತಿಳಿದರೆ ದೇಹವೂ ತಿಳಿಯಿತಲ್ಲವೆ? ಆದರೆ ಅಲ್ಲಿ ಹೇಳಿರುವದು ಸಮಪ್ರಮಾಣವಾದ ದೇಹದ ಲಕ್ಷಣ. ಇಲ್ಲಿ ಬೇಕಾದದ್ದು ಬದುಕಿದ್ದ ಒಬ್ಬಾನೊಬ್ಬನ ಎತ್ತರ.

ಎರಡನೆಯ ಮಹಾಯುದ್ಧದಲ್ಲಿ ಮಡಿದ ಅಮೇರಿಕೆಯ ಸೈನಿಕರ ಅಸ್ಥಿಗಳನ್ನು ಗುರುತಿಸಲು ಮಿಲ್ಡ್ರೆಡ್ ಟ್ರಾಟರ್ ಎಂಬ ವಿದುಷಿಯು ೧೯೪೮ರಲ್ಲಿ ಹವಾಯಿ ದ್ವೀಪಕ್ಕೆ ಹೋದರು. ಸೈನ್ಯಕ್ಕೆ ಸೇರುವಾಗ ಅಳೆದ ಎತ್ತರಗಳು ದಾಖಲೆಯಲ್ಲಿದ್ದವು, ಎಲುಬುಗಳು ಕಣ್ಣೆದುರಿಗಿದ್ದವು. ಗೋಲ್ಡೀನ್ ಗ್ಲೇಸರ್ ಅವರೊಡಗೂಡಿ ಆಕೆ ೧೯೫೨ರಲ್ಲಿ ಸೂತ್ರಗಳನ್ನು ಪ್ರಕಟಿಸಿದರು. ಬಿಳಿಯ ಗಂಡಸರ ತೊಡೆಯೆಲುಬಿನ ಸೆಂಟಿಮೀಟರುಗಳನ್ನು ೨.೩೮ರಿಂದ ಗುಣಿಸಿ ೬೧.೪೧ನ್ನು ಕೂಡಿಸಬೇಕು. ಎಲುಬು ೪೫ ಇದ್ದರೆ ಎತ್ತರ ಸುಮಾರು ೧೬೮.೫. ಇದನ್ನೇ ಆಧಾರವಾಗಿ ಹಿಡಿದು ೫೦ಕ್ಕೆ ತ್ರೈರಾಶಿಕ ಹಾಕಿದರೆ ೧೮೭ ಬರುವದು; ಸೂತ್ರದಿಂದ ಬರುವದು ೧೮೦. ಉದ್ದ ಕಾಲಿನವನ ಮುಂಡವು ಅದೇ ಪ್ರಮಾಣದಲ್ಲಿ ಉದ್ದವಾಗಿರುವದಿಲ್ಲವೆಂಬುದೇ ಇದರ ಮರ್ಮ. ಹೆಂಗಸರಿಗೂ ಬೇರೆ ಜನಾಂಗಗಳಿಗೂ ಬೇರೆ ಸೂತ್ರಗಳು ಬೇಕು. ನಮ್ಮವರಿಗಾಗಿ ನಮ್ಮವರನ್ನೇ ಅಳೆಯಬೇಕು.

ನನ್ನ ಗೌರವ ಹೆಚ್ಚಿದ್ದು ಸೂತ್ರದ ಕೊನೆಯ ಅಂಕಿಯನ್ನು ಕಂಡು: ೩.೨೭ ಹೆಚ್ಚು ಇಲ್ಲವೆ ಕಡಿಮೆ. ಮೂವರಲ್ಲಿ ಸುಮಾರು ಇಬ್ಬರು ಮಾತ್ರ ಈ ಮೇರೆಯೊಳಗೆ ಬೀಳುವರು. ಇನ್ನೂ ಭದ್ರವಾಗಿ ಹೇಳಬೇಕಾದರೆ ಮೇರೆಯನ್ನು ಇಮ್ಮಡಿಸಬೇಕು. ಅಳತೆಯಲ್ಲಿಯೂ ಎಚ್ಚರ ಬೇಕು. ಮೊಣಕಾಲ ಕೆಳಗಿನ ದೊಡ್ಡ ಎಲುಬನ್ನು ಅಳೆಯುವಾಗ ಪಾದದ ಹರಡಿನ ಬಳಿ ಇಳಿದಿರುವ ತುದಿಯನ್ನು ಟ್ರಾಟರ್ ಬಿಟ್ಟಿದ್ದರೆಂದು ರಿಚರ್ಡ್ ಜಾಂಟ್ಸರೂ ಸಂಗಡಿಗರೂ ೧೯೯೫ರಲ್ಲಿ ತೋರಿಸಿದರು. ತುದಿಯನ್ನು ಸೇರಿಸಿ ಅಳೆದು ಅದೇ ಸೂತ್ರವನ್ನು ಹಚ್ಚಿದವರಿಗೆ ಎತ್ತರವು ಎರಡೂವರೆ ಸೆಂಟಿಮೀಟರಿಗೂ ಹೆಚ್ಚಾಗಿ ಬರುತ್ತಿದ್ದಿತು. ಈಗ ಸಿ.ಟಿ. ಸ್ಕ್ಯಾನ್ ಯಂತ್ರದಿಂದ ಮಾಂಸವನ್ನು ಬಿಡಿಸದೆಯೇ ಎಲುಬಿನ ಚಿತ್ರವನ್ನು ತೆಗೆದು ಗಣಕದಲ್ಲಿ ಅಳೆಯುತ್ತಾರೆ. ಯಂತ್ರವು ಎಷ್ಟೇ ಸೂಕ್ಷ್ಮವಾಗಿರಲಿ, ಎಲ್ಲಿಂದ ಎಲ್ಲಿಯ ವರೆಗೆ ಅಳೆಯಬೇಕೆಂಬುದನ್ನು ಮನುಷ್ಯನೇ ನಿಶ್ಚಯಿಸಬೇಕು.

ಇಷ್ಟು ಜಿಜ್ಞಾಸೆ ಯಾಕೆಂದರೆ, ಇದರ ಹಿಂದೆ ಕಾದಿರುವ ಮನೆಗಳಿವೆ. ಶವ ಸಿಕ್ಕದವರಿಗಾಗಿ ಪಲಾಶದ ಎಲೆಗಳಿಂದ ಪ್ರತಿಕೃತಿ ಮಾಡಿ ದಹಿಸುವ ವಿಧಿಯನ್ನು ನಮ್ಮ ಹಿರಿಯರು ಹೇಳಿದ್ದು ಈ ಕಾಯುವಿಕೆಯ ಸಂಕಟವನ್ನು ಬಲ್ಲದ್ದರಿಂದಲೇ ಇರಬೇಕು. ಅವಸರದಿಂದ ತಪ್ಪು ಅಸ್ಥಿಯನ್ನು ಒಪ್ಪಿಸಿದರೆ ಎರಡು ಮನೆಗಳು ವಂಚಿತವಾಗುವವು: ಒಂದು ಮನೆಯವರು ಪರರ ಮಗನನ್ನು ತಮ್ಮವನೆಂದು ಸುಡುವರು, ಇನ್ನೊಂದು ಮನೆಯ ತಾಯಿ ಬಾಗಿಲನ್ನೇ ನೋಡುತ್ತಿರುವಳು. ಎತ್ತರವೊಂದೇ "ಇವನೇ" ಎಂದು ಹೇಳಲಾರದು. "ಇವನಲ್ಲ" ಎಂದು ಅನೇಕರನ್ನು ಬೇರ್ಪಡಿಸಬಲ್ಲದು. ಉಳಿದವರಲ್ಲಿ ಹಲ್ಲು, ಹಳೆಯ ಗಾಯ, ಡಿ.ಎನ್.ಎ. ಮುಂತಾದವು ನಿರ್ಣಯವನ್ನು ಮಾಡಲಿ. ತನ್ನ ಮೇರೆಯನ್ನು ತಾನೇ ಹೇಳಿಕೊಳ್ಳುವ ಸಾಕ್ಷಿಯನ್ನು ನಾವು ಹೆಚ್ಚು ನಂಬಬಹುದು.