ರೆಕ್ಕೆಯೊಳಗಿನ ಹನಿ

ಅಮೆರಿಕದಲ್ಲಿ ಸ್ವಂತಕ್ಕೆಂದು ಪುಟ್ಟ ವಿಮಾನವನ್ನು ಇಟ್ಟುಕೊಂಡವರೆಲ್ಲರೂ ಕುಬೇರರೆಂದು ಭಾವಿಸುವುದು ತಪ್ಪು. ಹಳೆಯ ಕಾರೊಂದನ್ನು ಮನೆಯ ಹಸುವಿನಂತೆ ಅಕ್ಕರೆಯಿಂದ ಸಾಕಿಕೊಂಡಿರುವ ಗೃಹಸ್ಥರು ಎಲ್ಲ ಊರುಗಳಲ್ಲಿಯೂ ಇರುವಂತೆ, ನಲವತ್ತು ಐವತ್ತು ವರ್ಷ ವಯಸ್ಸಾದ ವಿಮಾನವನ್ನು ಕೊಂಡು ವಾರದ ರಜೆಯನ್ನೆಲ್ಲ ಅದರ ಶುಶ್ರೂಷೆಗೆ ಸಲ್ಲಿಸುವವರೂ ಅಲ್ಲಿ ಉಂಟು. ಅಂಥ ಒಡೆಯನ ಮುಖ ಬಾಡುವುದಕ್ಕೆ ಬಿರುಗಾಳಿ ಏಳಬೇಕಾಗಿಲ್ಲ. ರೆಕ್ಕೆಯ ಅಡಿಯಲ್ಲಿ ಕಾಸಿನಗಲದ ಒಂದು ನೀಲಿ ಕಲೆ ಕಂಡರೆ ಸಾಕು.

ಈ ವಿಮಾನಗಳ ಪೆಟ್ರೋಲಿಗೆ ಗುರುತಿಗೆಂದು ನೀಲಿ ಬಣ್ಣ ಬೆರೆಸಿರುತ್ತಾರೆ. ಪೆಟ್ರೋಲು ಗಾಳಿಗೆ ಆರಿಹೋದರೂ ಬಣ್ಣವು ತಗಡಿನ ಮೇಲೆ ಉಳಿದು ಗುಟ್ಟನ್ನು ರಟ್ಟು ಮಾಡುತ್ತದೆ. ಬಲ್ಲವರು ಈ ಕಲೆಗಳಲ್ಲಿಯೂ ಜಾತಿಭೇದ ಮಾಡಿದ್ದಾರೆ. ಮುಕ್ಕಾಲು ಅಂಗುಲದೊಳಗಿದ್ದರೆ ಬರಿಯ ಕಲೆ. ಒಂದೂವರೆ ಅಂಗುಲದವರೆಗೆ ಒಸರು. 4 ಅಂಗುಲದವರೆಗೆ ಭಾರಿ ಒಸರು. ಅದಕ್ಕೂ ಮಿಕ್ಕಿ ತೊಟ್ಟಿಕ್ಕತೊಡಗಿದರೆ ಹರಿವು. ಬಯಲಿಗೆ ತೆರೆದ ಜಾಗದ ಸಣ್ಣ ಕಲೆಯನ್ನು ಕೆಲಕಾಲ ಕಣ್ಣಿಟ್ಟು ಕಾಯಬಹುದು. ಹರಿವಾದರೆ ದುರಸ್ತಿಯಾಗುವವರೆಗೆ ವಿಮಾನ ನೆಲ ಬಿಡಕೂಡದು.

ಮೂನಿ ಎಂ-20 ಮೊದಲಾದ ಕೆಲವು ವಿಮಾನಗಳಲ್ಲಿ ಪೆಟ್ರೋಲಿಗೆಂದು ಬೇರೆ ಡಬ್ಬಿಯೇ ಇಲ್ಲ; ರೆಕ್ಕೆಯ ಒಡಲೇ ತೊಟ್ಟಿ. ಅಲ್ಯೂಮಿನಿಯಂ ತಗಡುಗಳನ್ನು ನೂರಾರು ರಿವೆಟ್ಟುಗಳಿಂದ ಬೆಸೆದು, ಒಳಗಡೆ ಸಂದು ಸಂದಿಗೂ ಪಾಲಿಸಲ್ಫೈಡ್ ಎಂಬ ರಬ್ಬರಿನಂಥ ಲೇಪವನ್ನು ಹಚ್ಚಿರುತ್ತಾರೆ. ರೆಕ್ಕೆಯು ಹಾರುವಾಗ ಬಾಗುತ್ತದೆ, ಇಳಿಯುವಾಗ ಅದುರುತ್ತದೆ, ಬಿಸಿಲಿನಲ್ಲಿ ಕಾಯುತ್ತದೆ. ವರ್ಷಗಳು ಉರುಳಿದಂತೆ ಲೇಪ ಬಿರಿಯುತ್ತದೆ. ಎಲ್ಲಿಯೋ ಒಂದು ಕಡೆ ಕೂದಲೆಳೆಯಷ್ಟು ದಾರಿ ಬಿಡುತ್ತದೆ.

ಎಲ್ಲಿ ಎಂಬುದೇ ಪ್ರಶ್ನೆ. ಮಲೆನಾಡಿನ ಹೆಂಚಿನ ಮನೆಯಲ್ಲಿ ಮಳೆಗಾಲ ಕಳೆದವರಿಗೆ ಈ ಮಾಯೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಹನಿ ಬೀಳುವುದು ದೇವರ ಕೋಣೆಯಲ್ಲಿ. ಒಡೆದ ಹೆಂಚು ಇರುವುದು ಅಡಿಗೆಮನೆಯ ಮೇಲೆ. ನಡುವೆ ನೀರು ರೀಪಿನ ಗುಂಟ ಸದ್ದಿಲ್ಲದೆ ಪಯಣ ಮಾಡಿರುತ್ತದೆ. ರೆಕ್ಕೆಯಲ್ಲಿಯೂ ಪೆಟ್ರೋಲು ಒಂದು ಸಂದಿಯಲ್ಲಿ ಹೊಕ್ಕು, ತಗಡಿನ ಪದರಗಳ ನಡುವೆ ತೆವಳಿ, ಮಾರುದೂರದ ರಿವೆಟ್ಟಿನಲ್ಲಿ ತಲೆ ತೋರಿಸಬಹುದು. ಆತುರಗಾರನು ತಲೆ ತೋರಿಸಿದಲ್ಲಿಯೇ ಹೊರಗಿನಿಂದ ಲೇಪ ಬಳಿದು ತೃಪ್ತನಾಗುತ್ತಾನೆ. ಒಳಗಿನ ಪೆಟ್ರೋಲು ಆ ತೇಪೆಯನ್ನು ಹೊರಕ್ಕೆ ತಳ್ಳುತ್ತದೆ, ಇಲ್ಲವೆ ಪಕ್ಕದ ರಿವೆಟ್ಟನ್ನು ಹುಡುಕಿಕೊಳ್ಳುತ್ತದೆ.

ಸರಿಯಾದ ದಾರಿ ದೀರ್ಘವಾದದ್ದು. ಮೊದಲು ತೊಟ್ಟಿಯನ್ನು ಬರಿದು ಮಾಡಿ, ಮುಚ್ಚಳಗಳನ್ನು ಬಿಚ್ಚಿ ಗಾಳಿಯಾಡಿಸಬೇಕು. ಬರಿದಾಯಿತೆಂದು ನಿಶ್ಚಿಂತರಾಗುವಂತಿಲ್ಲ. ಉರಿಯುವುದು ದ್ರವವಲ್ಲ, ಆವಿ. ಅದು ಗಾಳಿಗಿಂತ ಭಾರವಾದುದರಿಂದ ಮೂಲೆಗಳಲ್ಲಿ ಅಡಗಿ ಮಲಗಿರುತ್ತದೆ. ಗಾಳಿಯಲ್ಲಿ ಅದರ ಪಾಲು ನೂರಕ್ಕೆ ಸುಮಾರು 1.4ರಿಂದ 7.6ರವರೆಗೆ ಇದ್ದಾಗ ಒಂದು ಕಿಡಿ ತಗಲಿದರೆ ಸಾಕು. ಆದುದರಿಂದಲೇ ವಿಮಾನಕ್ಕೂ ನೆಲಕ್ಕೂ ತಂತಿ ಕಟ್ಟಿ ಮಿಂಚಿನ ಕಣವನ್ನು ಹರಿಯಗೊಡುತ್ತಾರೆ. ಕಿಡಿ ಹಾರದ ದೀಪವನ್ನೇ ಒಳಕ್ಕೆ ಹಿಡಿಯುತ್ತಾರೆ. ಪೆಟ್ರೋಲಿನಲ್ಲಿ ಸೀಸವಿರುವುದರಿಂದ ಕೈಗೆ ಚೀಲ ಕಡ್ಡಾಯ.

ಬಳಿಕ ಶೋಧನೆ. ಒಳಗಿನ ಸಂದುಗಳಿಗೆ ಸೋಪಿನ ನೀರು ಬಳಿದು, ಹೊರಗೆ ಕಲೆ ಕಂಡಲ್ಲಿ ಮೆಲ್ಲನೆ ಗಾಳಿ ಊದುತ್ತಾರೆ. ಗಾಳಿಯು ಪೆಟ್ರೋಲು ಬಂದ ಹಾದಿಯಲ್ಲಿಯೇ ಹಿಂದಿರುಗಿ, ಬಿರುಕಿನ ಬಾಯಲ್ಲಿ ಒಂದು ಗುಳ್ಳೆಯನ್ನು ಎಬ್ಬಿಸುತ್ತದೆ. ಮಗುವಿನ ಆಟದಂಥ ಆ ಗುಳ್ಳೆಯನ್ನು ಕಂಡಾಗ ಆಗುವ ಸಂತೋಷ ಪಟ್ಟವರಿಗೇ ಗೊತ್ತು.

ಆದರೆ ಕೆಲಸ ಆರಂಭವಾಗುವುದು ಅಲ್ಲಿಂದಲೇ. ಹೊಸ ಲೇಪ ಹಳೆಯ ಸಡಿಲ ಲೇಪದ ಮೇಲೆ ನಿಲ್ಲದು. ಹಳೆಯದನ್ನು ಕೆರೆದು ತೆಗೆಯಬೇಕು. ಉಕ್ಕಿನ ಉಳಿ ಕೂಡದು, ತಗಡಿಗೆ ಗೀರು ಬಿದ್ದರೆ ಅಲ್ಲಿಯೇ ನಾಳಿನ ಬಿರುಕು ಹುಟ್ಟೀತು. ಮರದ ಅಥವಾ ಪ್ಲಾಸ್ಟಿಕ್ಕಿನ ತುಂಡೇ ಗತಿ. ಅಂಗೈಯಗಲದ ಕಿಂಡಿಯಲ್ಲಿ ಮೊಳಕೈವರೆಗೆ ತೂರಿಸಿ, ಪುಟ್ಟ ಕನ್ನಡಿಯಲ್ಲಿ ನೋಡುತ್ತ, ಕುರುಡನಂತೆ ಬೆರಳಿನಿಂದ ಕಾಣಬೇಕು. ಕೆರೆದ ಮೇಲೆ ದ್ರಾವಕದಿಂದ ತೊಳೆದು, ಅದು ಆರುವ ಮೊದಲೇ ಒಣ ಬಟ್ಟೆಯಿಂದ ಒರಸಬೇಕು. ತಾನಾಗಿ ಆರಲು ಬಿಟ್ಟರೆ ಕರಗಿದ ಜಿಡ್ಡು ಮತ್ತೆ ತಗಡಿಗೇ ಅಂಟುತ್ತದೆ. ಹೊಸ ಲೇಪದ ಎರಡು ಭಾಗಗಳನ್ನು ತೂಗಿ ಬೆರೆಸಿದೊಡನೆ ಗಡಿಯಾರದೊಡನೆ ಓಟ ಶುರು. ಕೆಲವು ಬಗೆಯವನ್ನು ಬೆರೆಸಿದ ಎರಡು ಗಂಟೆಯೊಳಗೆ ಹಚ್ಚಿ ಮುಗಿಸಬೇಕು. ದಿನಗಟ್ಟಲೆ ಕೆರೆತ, ಗಳಿಗೆಯ ಲೇಪನ!

ಇಡೀ ದುರಸ್ತಿಯ ಮರ್ಮ ಇರುವುದು ಬೆನ್ನು ನೊಂದ ಎರಡನೆಯ ದಿನದ ಸಂಜೆಯಲ್ಲಿ. ಕಣ್ಣಿಗೆ ಬೀಳದ ಮೂಲೆಯೊಂದರಲ್ಲಿ ಅರ್ಧ ಅಂಗುಲ ಹಳೆಯ ಲೇಪ ಉಳಿದಿರುತ್ತದೆ. ಮುಚ್ಚಳ ಬಿಗಿದ ಮೇಲೆ ಅದನ್ನು ಕಾಣುವವರಾರೂ ಇಲ್ಲ. ಬೆರಳಿಗೆ ಮಾತ್ರ ಗೊತ್ತು. ಮುಂದಿನ ವಾರ ಆ ರೆಕ್ಕೆಯನ್ನು ನಂಬಿ ಹೆಂಡತಿ ಮಕ್ಕಳು ಹತ್ತಿ ಕೂರುವರೆಂಬುದನ್ನು ನೆನೆದವನು ನಿಟ್ಟುಸಿರುಬಿಟ್ಟು ಕೈಯನ್ನು ಮತ್ತೆ ಒಳಕ್ಕೆ ತೂರಿಸುತ್ತಾನೆ.

ಅಮೆರಿಕದ ಕಾನೂನೂ ಈ ಮರ್ಮವನ್ನು ಬಲ್ಲದು. ಚಾಲಕನಾದ ಒಡೆಯನು ಟೈರನ್ನೂ ಎಣ್ಣೆಯನ್ನೂ ತಾನೇ ಬದಲಾಯಿಸಬಹುದು. ತೊಟ್ಟಿಯ ದುರಸ್ತಿಗೆ ಪರವಾನಗಿ ಪಡೆದ ಮೆಕ್ಯಾನಿಕ್ ಬೇಕು, ಇಲ್ಲವೆ ಆತನ ಕಣ್ಣೆದುರಿನಲ್ಲಿ ಒಡೆಯನು ದುಡಿಯಬೇಕು. ಕೊನೆಗೆ ವಿಮಾನದ ದಿನಚರಿ ಪುಸ್ತಕದಲ್ಲಿ ಮಾಡಿದ ಕೆಲಸವನ್ನೂ ತಾರೀಖನ್ನೂ ಬರೆದು ಮೆಕ್ಯಾನಿಕ್ ರುಜು ಹಾಕುತ್ತಾನೆ. ಮುಚ್ಚಳದೊಳಗೆ ಯಾರೂ ಕಾಣದ ಆ ಅರ್ಧ ಅಂಗುಲಕ್ಕೂ ಆ ರುಜುವೇ ಹೊಣೆ.

ಲೇಪ ಗಟ್ಟಿಯಾದ ಬಳಿಕ ಪೆಟ್ರೋಲು ತುಂಬಿಸಿ, ರಾತ್ರಿಯೆಲ್ಲ ಬಿಟ್ಟು, ಬೆಳಗ್ಗೆ ರೆಕ್ಕೆಯಡಿಗೆ ಬಗ್ಗಿ ಬಿಳಿಯ ಬಟ್ಟೆಯಿಂದ ಒರಸಿ ನೋಡುತ್ತಾರೆ. ಬಟ್ಟೆ ಬಿಳಿಯಾಗಿಯೇ ಉಳಿದರೆ ಅಷ್ಟು ದಿನದ ದುಡಿಮೆ ಫಲಿಸಿತು. ತೋರಿಸಿ ಮೆರೆಯುವುದಕ್ಕೆ ಅಲ್ಲಿ ಏನೂ ಇರುವುದಿಲ್ಲ. ಒಡೆಯನು ಬಟ್ಟೆಯನ್ನು ಮಡಿಸಿ ಕಿಸೆಗೆ ಸೇರಿಸಿ, ಮನೆಯವರನ್ನು ಹತ್ತಿರೆಂದು ಕರೆಯುತ್ತಾನೆ.